ಏಜ್ ಆಫ್ ಎಂಪೈರ್ಸ್ 2: ಎಲ್ಲರ ಮೊದಲ ಹತ್ತು ನಿಮಿಷ ಒಂದೇ ಥರ ಇರಲೇಬೇಕಾ?

ಕೋಟೆಬಾಗಿಲು
ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು.

ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಈ ಕಂಪ್ಯೂಟರ್ ಆಟದಲ್ಲಿ ಈಗ 40ಕ್ಕೂ ಜಾಸ್ತಿ ನಾಗರಿಕತೆಗಳಿವೆ. ಹೂಣರು, ಮಂಗೋಲರು, ಅಜ್ಟೆಕರು, ಬೈಜಾಂಟೈನರು, ದ್ರಾವಿಡರು, ಎಲ್ಲರೂ ಇದ್ದಾರೆ. ಆದರೆ ಯಾವ ರ್ಯಾಂಕ್ಡ್ ಮ್ಯಾಚ್ ನೋಡಿದರೂ ಶುರು ಒಂದೇ. ಇಬ್ಬರು ಮನೆ ಕಟ್ಟುತ್ತಾರೆ. ಆರು ಜನ ಕುರಿಗೆ. ಆಮೇಲೆ ಮೂರು ನಾಲ್ಕು ಜನ ಮರಕ್ಕೆ. ಒಬ್ಬ ಹೋಗಿ ಕಾಡುಹಂದಿ ಎಳೆದು ತರುತ್ತಾನೆ. ನಾಲ್ಕು ಜನ ಬೆರ್ರಿಗೆ. ಮತ್ತೆ ಇನ್ನೊಂದು ಹಂದಿ. ಮೊದಲ ಹತ್ತು ನಿಮಿಷ ಮಂಗೋಲಿಯಾದಲ್ಲೂ ಅದೇ, ಮೆಕ್ಸಿಕೊದಲ್ಲೂ ಅದೇ.

ಹೊಸಬರು ಬಂದು ಏನು ಮಾಡಲಿ ಅಂತ ಕೇಳಿದರೆ ಒಂದು ಬಿಲ್ಡ್ ಆರ್ಡರ್ (ಯಾವ ಕೆಲಸ ಯಾವಾಗ, ಎಷ್ಟು ಜನ ಅನ್ನುವ ಪಟ್ಟಿ) ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತೇವೆ. ಸ್ವಂತ ಬುದ್ಧಿಯಿಂದ ಬೇರೆ ಏನಾದರೂ ಮಾಡಿದವರು 15ನೇ ನಿಮಿಷಕ್ಕೆ ಸೋತು ಹೊರಗೆ. ಇತಿಹಾಸದ ಹೆಸರಲ್ಲಿ ಬಂದ ಆಟ ಇದು. ಆ ಹತ್ತು ನಿಮಿಷದಲ್ಲಿ ಇತಿಹಾಸ ಎಲ್ಲಿದೆ, ಯೋಚನೆ ಎಲ್ಲಿದೆ? ಈ ಬಾಯಿಪಾಠ ಇಲ್ಲದೆ ಗಂಭೀರವಾಗಿ ಆಡಲು ದಾರಿ ಇದೆಯಾ?

ಮರದ_ಕ್ಯಾಂಪು
"ಆರು ಜನ ಕುರಿಗೆ" ಅನ್ನೋದು ಸಂಪ್ರದಾಯ ಅಂತ ನೀವು ತಿಳಿದಿದ್ದೀರಿ. ಅದು ಲೆಕ್ಕ.

ಒಬ್ಬ ವಿಲೇಜರ್‌ಗೆ (ಕೆಲಸಗಾರ) 50 ಆಹಾರ ಖರ್ಚು. ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್‌ನಿಂದ (ಟಿಸಿ) ಹೊರಬರಲು 25 ಸೆಕೆಂಡ್. ಅಂದರೆ ಟಿಸಿ ಒಂದು ಕ್ಷಣವೂ ಸುಮ್ನೆ ಕೂರಬಾರದು ಅಂದರೆ ಸೆಕೆಂಡಿಗೆ 2 ಆಹಾರ ಬರುತ್ತಲೇ ಇರಬೇಕು. ಕುರಿ ಹತ್ತಿರ ಇರುವ ಒಬ್ಬ ವಿಲೇಜರ್ ಸೆಕೆಂಡಿಗೆ ಸುಮಾರು 0.33 ತರುತ್ತಾನೆ. ಆರರಿಂದ ಗುಣಿಸಿ ನೋಡಿ. ಐದು ಜನ ಹಾಕಿದರೆ ಟಿಸಿ ನಿಲ್ಲುತ್ತದೆ. ಎಂಟು ಜನ ಹಾಕಿದರೆ ಆಹಾರ ರಾಶಿ ಬೀಳುತ್ತದೆ, ಆದರೆ ಮನೆ ಕಟ್ಟಲು ಮರ ಇರುವುದಿಲ್ಲ.

ಮನೆಯೂ ಹಾಗೇ. ಶುರುವಿನಲ್ಲಿ ಮೂವರು ವಿಲೇಜರ್, ಒಬ್ಬ ಸ್ಕೌಟ್ (ಸುತ್ತಾಡಿ ನೋಡಿ ಬರುವ ಸವಾರ), ಒಟ್ಟು 4. ಟಿಸಿಯಲ್ಲಿ ಜಾಗ 5 ಜನಕ್ಕೆ ಮಾತ್ರ. ಮೊದಲ ವಿಲೇಜರ್ ಹೊರಬಂದ ಕೂಡಲೇ ಜಾಗ ತುಂಬಿತು. ಒಬ್ಬನೇ ಕಟ್ಟಿದರೆ ಮನೆ ಏಳಲು 25 ಸೆಕೆಂಡ್ ಬೇಕು. ಆ ಮೊದಲ ಕ್ಲಿಕ್ಕಿಗೆ ಬೇರೆ ಆಯ್ಕೆ ಎಲ್ಲಿದೆ ಹೇಳಿ?

ಎಳೆಹುಲ್ಲು
ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಎಲ್ಲಾ ಕಡೆ "6 ಹಾಕು" ಅಂತಷ್ಟೇ ಇರುತ್ತದೆ. ಥ್ಯಾಂಕ್ಸ್ ಗುರು.

ಕೋಟೆಬಾಗಿಲು
ಮರದ_ಕ್ಯಾಂಪು ಅವರೇ, ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಅದರಿಂದ ನನ್ನ ದೂರು ಇನ್ನೂ ಗಟ್ಟಿಯಾಯಿತು. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಪ್ರತಿ ಮ್ಯಾಚಿನಲ್ಲೂ ಮತ್ತೆ ಬಿಡಿಸುವುದು ಏಕೆ?

ಕುದುರೆಲಾಯ
ಉತ್ತರ ಎಲ್ಲರಿಗೂ ಒಂದೇ ಅಲ್ಲ, ಅದಕ್ಕೇ.

ಹೂಣರಿಗೆ ಮನೆಯೇ ಬೇಡ. ಆದರೆ 100 ಮರ ಕಡಿಮೆ ಇಟ್ಟುಕೊಂಡು ಶುರು ಮಾಡಬೇಕು. ಮಂಗೋಲರ ಬೇಟೆಗಾರರು 40% ಬೇಗ ಕೆಲಸ ಮಾಡುತ್ತಾರೆ. ಅವರಿಗೆ ಜಿಂಕೆ ಬಿಟ್ಟು ಬರುವುದು ಅಂದರೆ ನಷ್ಟ. ಚೀನೀಯರಿಗೆ ಮೂರು ವಿಲೇಜರ್ ಹೆಚ್ಚು, ಕೈಯಲ್ಲಿ ಆಹಾರ ಮಾತ್ರ ಇಲ್ಲ. ಮೊದಲ ಕುರಿ ಸಿಗುವುದು ಹತ್ತು ಸೆಕೆಂಡ್ ತಡವಾದರೂ ಟಿಸಿ ಖಾಲಿ. ಗುರ್ಜರರು ಕುರಿಯನ್ನು ಕೊಲ್ಲದೆ ಮಿಲ್ಲಿನೊಳಗೆ ಕಟ್ಟಿಹಾಕಿ ನಿಧಾನವಾಗಿ ಆಹಾರ ಪಡೆಯಬಹುದು. ವಿಯೆಟ್ನಾಮೀಯರಿಗೆ ಎದುರಾಳಿ ಎಲ್ಲಿದ್ದಾನೆ ಅಂತ ಮೊದಲೇ ಕಾಣುತ್ತದೆ. ಕುಮಾನರು ಫ್ಯೂಡಲ್ ಏಜಿನಲ್ಲೇ (ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಅನ್ನುವ ನಾಲ್ಕು ಯುಗಗಳಲ್ಲಿ ಎರಡನೆಯದು) ಎರಡನೇ ಟಿಸಿ ಹಾಕಬಹುದು, ಉಳಿದವರು ಕ್ಯಾಸಲ್ ಏಜಿನ ತನಕ ಕಾಯಬೇಕು.

ಇದೆಲ್ಲ ನಿಮಗೆ ಒಂದೇ ಥರ ಕಾಣುತ್ತಿದ್ದರೆ ನೀವು ರ್ಯಾಂಡಮ್ ನಾಗರಿಕತೆ ಹಾಕಿ ಆಡುತ್ತಿಲ್ಲ ಅಂತ ಅರ್ಥ.

ಒಂಟಿಸಲಗ
ಕುದುರೆಲಾಯ ಹೇಳಿದ್ದು ನೂರಕ್ಕೆ ನೂರು ಸರಿ. ಚೀನೀಯರ ಶುರು ಬೇರೆಯದೇ ಆಟ.

ನೆರಳುಬಾಣ
ಕೋಟೆಬಾಗಿಲು ಅವರ ಮಾತಿನಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಬೇರೆ ಇದೆ. "ಮೊದಲ ಹತ್ತು ನಿಮಿಷದಲ್ಲಿ ಯೋಚನೆ ಇಲ್ಲ" ಅಂದಿದ್ದು.

ಹಂದಿ ಎಳೆಯುವುದನ್ನೇ ತೆಗೆದುಕೊಳ್ಳಿ. ವಿಲೇಜರ್‌ಗೆ ಲೂಮ್ (ಜೀವ ಹೆಚ್ಚಿಸುವ ಸುಧಾರಣೆ) ಇಲ್ಲದಿದ್ದರೆ ಜೀವ 25 ಮಾತ್ರ. ಅವನು ಹೋಗಿ ಬಾಣ ಬಿಡುತ್ತಾನೆ, ಹಂದಿ ಬೆನ್ನಿಗೆ ಬೀಳುತ್ತದೆ. ವಾಪಸ್ ಓಡುವ ದಾರಿಯಲ್ಲಿ ಒಂದು ಮನೆಯೋ ಮರವೋ ಅಡ್ಡ ಇದ್ದರೆ ಸತ್ತ. ಟಿಸಿ ಮುಟ್ಟಿದ ಕೂಡಲೇ ಒಳಗೆ ಸೇರಿಸಬೇಕು. ಕುರಿ ಹತ್ತಿರ ಇದ್ದವರನ್ನು ಅದೇ ಕ್ಷಣ ಹಂದಿ ಮೇಲೆ ತಿರುಗಿಸಬೇಕು. ಒಂದು ಸೆಕೆಂಡ್ ಮೊದಲು ತಿರುಗಿಸಿದರೆ ಎಲ್ಲರೂ ಓಡಿಹೋಗಿ ದೂರದಲ್ಲಿ ಕೊಲ್ಲುತ್ತಾರೆ. ಆಮೇಲೆ ಪ್ರತಿ ಮಾಂಸದ ಹೊರೆಗೂ ನಡೆದಾಟ. 340 ಆಹಾರದ ಪ್ರಾಣಿ ಅದು, ಸತ್ತ ಕ್ಷಣದಿಂದ ಕೊಳೆಯಲು ಶುರುವಾಗುತ್ತದೆ.

ಇದೆಲ್ಲ ಮಾಡುವಾಗಲೇ ನಿಮ್ಮ ಸ್ಕೌಟ್ ಎದುರಾಳಿಯ ಊರಲ್ಲಿ ಇರಬೇಕು. ಡಾರ್ಕ್ ಏಜಿನಲ್ಲೇ ಅವನ ಜನ ಚಿನ್ನ ಅಗೆಯುತ್ತಿದ್ದರೆ ಅವನು ಯಾವ ಸೈನ್ಯ ತರುತ್ತಾನೆ ಅಂತ ನಿಮಗೆ ಗೊತ್ತಾಗಬೇಕು. ಬ್ಯಾರಕ್ ಬೇಗ ಬಂದಿದ್ದರೆ ಮೂರು ಮಿಲಿಷಿಯಾ (ಮೊದಲ ಹಂತದ ಕಾಲಾಳು) ನಿಮ್ಮ ಮರದ ಸಾಲಿಗೆ ಬರುತ್ತಿವೆ ಅಂತ ಲೆಕ್ಕ. ಶುರು ಎಲ್ಲರದ್ದೂ ಗೊತ್ತಿರುವುದರಿಂದಲೇ ಅದರಲ್ಲಿ ಸಣ್ಣ ವ್ಯತ್ಯಾಸ ಬಂದರೂ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಮನಸ್ಸಿಗೆ ಬಂದ ಹಾಗೆ ಶುರು ಮಾಡಿದರೆ ಸ್ಕೌಟಿಂಗ್ ಅನ್ನುವ ವಿದ್ಯೆಯೇ ಇರುವುದಿಲ್ಲ.

ಕೋಟೆಬಾಗಿಲು
ಕೊನೆಯ ಎರಡು ಸಾಲು ಯೋಚನೆಗೆ ಹಚ್ಚಿತು. ಸ್ಕೌಟಿಂಗ್ ವಿಷಯದಲ್ಲಿ ನಿಮ್ಮ ಮಾತು ನಿಲ್ಲುತ್ತದೆ. ಆದರೆ ಹಂದಿ ಎಳೆಯುವುದು ಕೈಚಳಕ. ಅದನ್ನು ತಂತ್ರ ಅಂತ ನಾನು ಕರೆಯುವುದಿಲ್ಲ.

ಗೋಡೆ_ಮೊದಲು
ಮಿಲಿಷಿಯಾ ವಿಷಯ ಬಂತಲ್ಲ, ನನಗೆ ಈ ಆಟದಲ್ಲಿ ಬೇಜಾರು ತರಿಸುವುದು ಅದೊಂದೇ. ನಾನು ಊರು ಕಟ್ಟಲು ಬರುತ್ತೇನೆ. ಆರನೇ ನಿಮಿಷಕ್ಕೆ ಮೂವರು ಬಂದು ಮರ ಕಡಿಯುವವರ ಹಿಂದೆ ಓಡಾಡುತ್ತಾರೆ. ಅದಕ್ಕೇ ನಾನು ಸುತ್ತ ಪ್ಯಾಲಿಸೇಡ್ (ಮರದ ಗೋಡೆ) ಹಾಕಿಬಿಡುತ್ತೇನೆ. ಮನೆ, ಮಿಲ್, ಬ್ಯಾರಕ್, ಮರದ ಸಾಲು ಎಲ್ಲವೂ ಗೋಡೆಯ ಭಾಗವೇ.

ಸ್ಕೌಟ್_ರಶ್
ನಿಮ್ಮಂಥವರಿಂದಲೇ ಮ್ಯಾಚ್ ಒಂದು ಗಂಟೆ ಎಳೆಯುತ್ತದೆ. ಅರೇಬಿಯಾ ಮ್ಯಾಪ್ ಇರುವುದೇ ಬಯಲಿಗಾಗಿ. ಗೋಡೆ ಬೇಕಿದ್ದರೆ ಅರೀನಾ ಆಡಿ, ಅಲ್ಲಿ ಶುರುವಿನಲ್ಲೇ ಕಲ್ಲಿನ ಗೋಡೆ ಕಟ್ಟಿ ಕೊಟ್ಟಿರುತ್ತಾರೆ.

ಗೋಡೆ_ಮೊದಲು
ಮಧ್ಯಯುಗದ ಊರುಗಳು ಗೋಡೆ ಇಲ್ಲದೆ ಇದ್ದವಾ? ಇತಿಹಾಸದ ಆಟ ಅಂದಮೇಲೆ ಗೋಡೆ ಕಟ್ಟುವುದೇ ಸಹಜ.

ಸ್ಕೌಟ್_ರಶ್
ಗೋಡೆಗೆ ಖರ್ಚು ಮಾಡಿದ ಮರದಲ್ಲಿ ಹೊಲ ಎಷ್ಟು ಬರುತ್ತದೆ ಲೆಕ್ಕ ಹಾಕಿ. ಒಂದು ಹೊಲಕ್ಕೆ 60 ಮರ. ಗೋಡೆ ಹಾಕಿದವನಿಗೆ ಹೊಲ ತಡ, ಹೊಲ ತಡವಾದರೆ ಕ್ಯಾಸಲ್ ಏಜ್ ತಡ. ನಾನು ರಶ್ (ಶುರುವಿನಲ್ಲೇ ದಾಳಿ) ಮಾಡುವುದು ನಿಮ್ಮ ವಿಲೇಜರ್ ಕೊಲ್ಲಲು ಅಂತ ತಿಳಿಯಬೇಡಿ. ನಿಮಗೆ ಆ ಖರ್ಚು ಮಾಡಿಸಲು. ಒಬ್ಬರೂ ಸಾಯದಿದ್ದರೂ ನನಗೆ ಲಾಭವೇ.

ನೆರಳುಬಾಣ
ಇದು ನಿಜ. ಹೊಸಬರು ರಶ್ ಅಂದರೆ ಅಲ್ಲೇ ಆಟ ಮುಗಿಸುವುದು ಅಂದುಕೊಳ್ಳುತ್ತಾರೆ. ಮರ ಕಡಿಯುವ ಎಂಟು ಜನ ಅರ್ಧ ನಿಮಿಷ ಕೆಲಸ ಬಿಟ್ಟು ಓಡಾಡಿದರೆ ಸಾಕು, ಎದುರಾಳಿಯ ಎಣಿಕೆ ತಪ್ಪುತ್ತದೆ.

ಹಳೆಪುಟ
ಇತಿಹಾಸ ಎಲ್ಲಿದೆ ಅಂತ ಕೋಟೆಬಾಗಿಲು ಕೇಳಿದ್ದಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಾನು ಪ್ರಯತ್ನಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲ ಮಾತು: ಕಾಲಗಣನೆಯಲ್ಲಿ ಇತಿಹಾಸ ಹುಡುಕಬೇಡಿ. ಹೂಣರ ದೊರೆ ಅಟಿಲಾ ಸತ್ತಿದ್ದು 453ರಲ್ಲಿ. ಅಜ್ಟೆಕರ ರಾಜಧಾನಿ ಟೆನೋಚ್ಟಿಟ್ಲಾನ್ ಹುಟ್ಟಿದ್ದು 1325ರ ಹೊತ್ತಿಗೆ. ಆಟದಲ್ಲಿ ಇವರಿಬ್ಬರೂ ಒಂದೇ ಬಯಲಲ್ಲಿ ಕುರಿ ಕೊಯ್ಯುತ್ತಾರೆ. ಕೋಟೆಯೂ ಅಷ್ಟೇ. ಒಬ್ಬನೇ ವಿಲೇಜರ್ 200 ಸೆಕೆಂಡಿನಲ್ಲಿ ಕ್ಯಾಸಲ್ ಕಟ್ಟುತ್ತಾನೆ. ಇಂಗ್ಲೆಂಡಿನ ಒಂದನೇ ಎಡ್ವರ್ಡ್ ವೇಲ್ಸ್‌ನಲ್ಲಿ ಕಾನ್ವಿ ಕೋಟೆ ಕಟ್ಟಿಸಿದ್ದು 1283ರಿಂದ 1287ರವರೆಗೆ, ಅದೂ ದೊಡ್ಡ ಪಡೆ ಕೆಲಸದವರನ್ನು ಹಚ್ಚಿ.

ಎರಡನೆಯದು: ಪ್ರತಿ ನಾಗರಿಕತೆಗೂ ಇರುವ ವಿಶೇಷ ತಂತ್ರಜ್ಞಾನದಲ್ಲಿ ಹುಡುಕಿ. ಬ್ರಿಟನ್ನರಿಗೆ ವಾರ್‌ವುಲ್ಫ್ ಅಂತ ಒಂದು ಇದೆ. ಅದೇ ಎಡ್ವರ್ಡ್ 1304ರಲ್ಲಿ ಸ್ಟರ್ಲಿಂಗ್ ಕೋಟೆಗೆ ಮುತ್ತಿಗೆ ಹಾಕಿದಾಗ ಕಟ್ಟಿಸಿದ ದೈತ್ಯ ಟ್ರೆಬುಶೆಯ (ಕಲ್ಲೆಸೆಯುವ ಮುತ್ತಿಗೆ ಯಂತ್ರ) ಹೆಸರು ಅದು. ಒಳಗಿದ್ದವರು ಶರಣಾಗಲು ಸಿದ್ಧರಾದರೂ ಅವನು ಒಪ್ಪಲಿಲ್ಲ. ಯಂತ್ರ ಹೊಡೆಯುವುದನ್ನು ನೋಡಲೇಬೇಕಿತ್ತು. ದ್ರಾವಿಡರಿಗೆ ವೂಟ್ಜ್ ಸ್ಟೀಲ್ ಇದೆ. ಅದನ್ನು ಪಡೆದ ಮೇಲೆ ಅವರ ಕಾಲಾಳು ಮತ್ತು ಕುದುರೆ ಪಡೆಯ ಹೊಡೆತಕ್ಕೆ ಎದುರಾಳಿಯ ಕವಚ ಲೆಕ್ಕಕ್ಕೇ ಇಲ್ಲ. ದಕ್ಷಿಣ ಭಾರತದ ಮೂಸೆಯ ಉಕ್ಕು ದೂರ ದೂರದ ಪೇಟೆಗಳಿಗೆ ಹೋಗುತ್ತಿತ್ತು ಅನ್ನುವುದನ್ನು ಆಟ ಮಾಡಿದವರು ಓದಿಕೊಂಡೇ ಹಾಕಿದ್ದಾರೆ. ಪ್ರತಿ ಯುಗಕ್ಕೆ ಏರಿದಾಗ ದ್ರಾವಿಡರಿಗೆ 200 ಮರ ಸಿಗುತ್ತದಲ್ಲ, ಅದರಲ್ಲಿ ಹಡಗು ಕಟ್ಟಿ ನೋಡಿ. 1025ರಲ್ಲಿ ರಾಜೇಂದ್ರ ಚೋಳ ಶ್ರೀವಿಜಯದ ಮೇಲೆ ನೌಕಾಪಡೆ ಕಳಿಸಿದ್ದು ಎಲ್ಲಿ ಬಂದು ಸೇರುತ್ತದೆ ಅಂತ ತಿಳಿಯುತ್ತದೆ.

ಇದು ಯಾವುದೂ ಮೊದಲ ಹತ್ತು ನಿಮಿಷದಲ್ಲಿ ಬರುವುದಿಲ್ಲ, ನಿಜ. ಆದರೆ ಮೊದಲ ಹತ್ತು ನಿಮಿಷ ಎಲ್ಲರಿಗೂ ಸಮ ಇದ್ದರೆ ತಾನೇ ಮುಂದಿನ ವ್ಯತ್ಯಾಸ ಎದ್ದು ಕಾಣುವುದು?

ಒಂಟಿಸಲಗ
ವಾರ್‌ವುಲ್ಫ್ ಕತೆ ಗೊತ್ತೇ ಇರಲಿಲ್ಲ. ಎಷ್ಟು ಸಲ ರಿಸರ್ಚ್ ಮಾಡಿದ್ದೇನೋ ಏನೋ!

ಬೆಟ್ಟದಹೂ
ಹಳೆಪುಟ ಸರ್, ಅಜ್ಟೆಕರಿಗೆ ಟ್ರೆಬುಶೆ ಕೊಟ್ಟಿದ್ದಾರಲ್ಲ, ಅದಕ್ಕೆ ಏನು ಹೇಳುತ್ತೀರಿ? ಕುದುರೆ ಇರಲಿಲ್ಲ ಅಂತ ಕುದುರೆ ಕೊಡಲಿಲ್ಲ, ಸರಿ. ಆದರೆ ಮುತ್ತಿಗೆ ಯಂತ್ರ ಎಲ್ಲಿತ್ತು?

ಹಳೆಪುಟ
ಇರಲಿಲ್ಲ. 1521ರ ಟೆನೋಚ್ಟಿಟ್ಲಾನ್ ಮುತ್ತಿಗೆಯಲ್ಲಿ ಒಂದು ಕಲ್ಲೆಸೆಯುವ ಯಂತ್ರ ಬಂದಿದ್ದು ನಿಜ, ಆದರೆ ಅದನ್ನು ಕಟ್ಟಿದವರು ದಾಳಿ ಮಾಡಿದ ಸ್ಪೇನಿನ ಕೊರ್ಟೆಸ್ ಕಡೆಯವರು. ಸಿಡಿಮದ್ದು ಕಡಿಮೆಯಾಗಿತ್ತು, ಅದಕ್ಕೆ ಕಟ್ಟಿದರು. ಅದು ಕೆಲಸಕ್ಕೇ ಬರಲಿಲ್ಲ. ಆಟದಲ್ಲಿ ಕೊಟ್ಟಿರುವುದು ಸಮತೋಲನಕ್ಕಾಗಿ. ಕ್ಯಾಸಲ್ ಒಡೆಯಲು ದಾರಿಯೇ ಇಲ್ಲದ ನಾಗರಿಕತೆಯನ್ನು ಯಾರು ಆಡುತ್ತಾರೆ?

ಬೆಟ್ಟದಹೂ
ಹಾಗಾದರೆ ಬೇರೆ ದಾರಿ ಕೊಡಬೇಕಿತ್ತು. ಎಲ್ಲರಿಗೂ ಅದೇ ಟ್ರೆಬುಶೆ, ಅದೇ ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್. ಯುರೋಪಿನ ಏಣಿ ತಂದು ಇಡೀ ಜಗತ್ತಿಗೆ ಒರಗಿಸಿದ್ದಾರೆ. ನನಗೆ ಆಟ ಇಷ್ಟ, ಆದರೂ ಇದು ಚುಚ್ಚುತ್ತದೆ. ಭಾರತ ಕೂಡ 2013ರಲ್ಲಿ ಬಂದಾಗ ಒಂದೇ ನಾಗರಿಕತೆ. 2022ರಲ್ಲಿ ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಅಂತ ನಾಲ್ಕು ಮಾಡಿದರು. ಈಗಲೂ ದಕ್ಷಿಣ ಪೂರ್ತಿ ಒಂದೇ ಹೆಸರಿನ ಕೆಳಗೆ.

ಕುದುರೆಲಾಯ
ನಾಲ್ಕು ಮಾಡಿದ್ದೇ ದೊಡ್ಡ ಸುಧಾರಣೆ ಅಲ್ವಾ? ಮೊದಲಿನ "ಇಂಡಿಯನ್ಸ್"ಗೆ ನೈಟ್ (ಕವಚ ತೊಟ್ಟ ಕುದುರೆ ಸವಾರ) ಇಲ್ಲ ಅನ್ನುವುದೊಂದೇ ಗುರುತಾಗಿತ್ತು. ಈಗ ನಾಲ್ವರದ್ದೂ ಆಟ ಬೇರೆ ಬೇರೆ.

ಈಟಿಗಾರ
ಇತಿಹಾಸದ ಮಾತು ಬಂತು ಅಂತ ಕೇಳುತ್ತೇನೆ. ಈಟಿ ಕುದುರೆಗೆ, ಕುದುರೆ ಬಿಲ್ಲಿಗೆ, ಬಿಲ್ಲು ಕಾಲಾಳಿಗೆ ಅಂತ ಚಕ್ರ ಇದೆಯಲ್ಲ, ಇದು ಎಷ್ಟು ನಿಜ? ಮೊದಲ ಎರಡು ಸರಿ ಅನಿಸುತ್ತದೆ.

ಹಳೆಪುಟ
ಈಟಿ ಮತ್ತು ಕುದುರೆಗೆ ಒಳ್ಳೆಯ ಸಾಕ್ಷಿ 1302ರ ಕೋರ್ಟ್ರೈ ಕದನ. ಫ್ಲಾಂಡರ್ಸ್‌ನ ಊರುಗಳ ಕಾಲಾಳುಗಳು ಈಟಿ ಹಿಡಿದು ಒತ್ತಾಗಿ ನಿಂತು ಫ್ರೆಂಚ್ ನೈಟ್‌ಗಳನ್ನು ಸೋಲಿಸಿದರು. ಸತ್ತ ನೈಟ್‌ಗಳ ಚಿನ್ನದ ಸ್ಪರ್‌ಗಳನ್ನು (ಸವಾರರ ಹಿಮ್ಮಡಿಯ ಮುಳ್ಳು) ಆರಿಸಿದ್ದರಿಂದ ಆ ಹೆಸರೇ ಕದನಕ್ಕೆ ಉಳಿಯಿತು. ಆದರೆ ಅಲ್ಲಿ ತೊರೆ, ಹಳ್ಳ, ಜೌಗು ನೆಲ ಇತ್ತು. ಬರೀ ಈಟಿ ಗೆಲ್ಲಿಸಲಿಲ್ಲ.

ಸ್ಕೌಟ್_ರಶ್
ಹಾಗಾದರೆ ಕುದುರೆ ಬಿಲ್ಲಿಗೆ ಮದ್ದು ಅನ್ನುವುದು ಸುಳ್ಳು. 1415ರ ಅಜಿನ್‌ಕೋರ್ಟ್‌ನಲ್ಲಿ ಬಿಲ್ಲುಗಾರರೇ ನೈಟ್‌ಗಳನ್ನು ಹೊಡೆದರಲ್ಲ.

ಹಳೆಪುಟ
ಅಜಿನ್‌ಕೋರ್ಟ್‌ನಲ್ಲಿ ಫ್ರೆಂಚರಲ್ಲಿ ಹೆಚ್ಚಿನವರು ಬಂದಿದ್ದು ನಡೆದುಕೊಂಡು, ಕವಚ ತೊಟ್ಟು, ಉತ್ತ ಹೊಲದ ಕೆಸರಿನಲ್ಲಿ. ಕುದುರೆ ಮೇಲೆ ಬಂದ ಸಣ್ಣ ಪಡೆ ಬಿಲ್ಲುಗಾರರು ನೆಟ್ಟಿದ್ದ ಚೂಪು ಗೂಟಗಳ ಮುಂದೆ ನಿಂತುಹೋಯಿತು. ಬಯಲಲ್ಲಿ ಗೂಟ ಇಲ್ಲದೆ ಸಿಕ್ಕಿದ್ದರೆ ಕತೆ ಬೇರೆ. ಆಟದಲ್ಲಿ ಕೆಸರು ಇಲ್ಲ, ಗೂಟ ನೆಡುವುದೂ ಇಲ್ಲ. ನೆಲ ಲೆಕ್ಕಕ್ಕೆ ಬರುವುದು ಎತ್ತರದಲ್ಲಿ ಮಾತ್ರ. ಮೇಲಿನಿಂದ ಹೊಡೆದರೆ 25% ಜಾಸ್ತಿ ಪೆಟ್ಟು, ಕೆಳಗಿನಿಂದ ಹೊಡೆದರೆ 25% ಕಡಿಮೆ.

ಈಟಿಗಾರ
ಆ ಎತ್ತರದ ನಿಯಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗುಡ್ಡದ ಮೇಲೆ ನಿಂತ ಹತ್ತು ಬಿಲ್ಲುಗಾರರ ಮೇಲೆ ಕೆಳಗಿನಿಂದ ಹದಿಮೂರು ಜನ ಹೋಗಿ ಸಾಯುವುದನ್ನು ನೋಡಿದ್ದೇನೆ. ಆಮೇಲೆ ನಾಗರಿಕತೆ ಸರಿ ಇಲ್ಲ ಅಂತ ಬೈಯುತ್ತಾರೆ.

ಹಾರುಬೆಕ್ಕು
ಇತಿಹಾಸ ಅಂದರೆ ಸಿವಿಲೈಸೇಶನ್ ಅನ್ನುವ ಇನ್ನೊಂದು ಆಟ ಆಡಿ ಮಾರಾಯ್ರೆ. ಅಲ್ಲಿ ಬಗ್‌ನಿಂದಾಗಿ ಗಾಂಧಿಯೇ ಅಣುಬಾಂಬ್ ಹಾಕುತ್ತಾರೆ. ಆಕ್ರಮಣದ ಅಂಕ 1 ಇತ್ತಂತೆ, ಪ್ರಜಾಪ್ರಭುತ್ವ ಬಂದಾಗ 2 ಕಳೆದಾಗ ಸೊನ್ನೆಗಿಂತ ಕೆಳಗೆ ಹೋಗಲಾಗದೆ ಸುತ್ತಿಬಂದು 255 ಆಯಿತಂತೆ.

ಮರದ_ಕ್ಯಾಂಪು
ಆ ಬಗ್ ಕತೆ ಸುಳ್ಳು. ಆ ಆಟ ಮಾಡಿದ ಸಿಡ್ ಮೈಯರ್ 2020ರಲ್ಲಿ ಬಂದ ತಮ್ಮ ಆತ್ಮಕತೆಯಲ್ಲೇ ಅಂಥ ಬಗ್ ಇರಲಿಲ್ಲ ಅಂತ ಬರೆದಿದ್ದಾರೆ. ಆದರೆ ಐದನೇ ಸಿವಿಲೈಸೇಶನ್‌ನಲ್ಲಿ ಗಾಂಧಿಗೆ ಅಣ್ವಸ್ತ್ರದ ಒಲವು 12 ಅಂತ ಬೇಕೆಂದೇ ಹಾಕಿದರು. ಉಳಿದ ನಾಯಕರಿಗೆಲ್ಲ 10ರೊಳಗೆ. ದಂತಕತೆ ಆಮೇಲೆ ಹಬ್ಬಿ ಮೊದಲ ಆಟಕ್ಕೂ ಅಂಟಿಕೊಂಡಿತು.

ಹಳೆಪುಟ
ಎರಡೂ ಆಟಕ್ಕೆ ಒಂದು ನಂಟು ಇದೆ. 1991ರ ಮೊದಲ ಸಿವಿಲೈಸೇಶನ್‌ನಲ್ಲಿ ಸಿಡ್ ಮೈಯರ್ ಜೊತೆ ಕೆಲಸ ಮಾಡಿದ ಬ್ರೂಸ್ ಶೆಲ್ಲಿ ಆಮೇಲೆ ನಮ್ಮ ಈ ಆಟ ಮಾಡಿದ ಎನ್ಸೆಂಬಲ್ ಸ್ಟುಡಿಯೋಸ್ ಸೇರಿದರು. 1997ರಲ್ಲಿ ಮೊದಲ ಏಜ್ ಆಫ್ ಎಂಪೈರ್ಸ್ ಬಂತು, 1999ರಲ್ಲಿ ಎರಡನೆಯದು. ಯುಗದಿಂದ ಯುಗಕ್ಕೆ ಏರುವ ಯೋಚನೆಗೆ ಬೇರು ಅಲ್ಲಿದೆ. ಅಲ್ಲಿ ಸರದಿ ಪ್ರಕಾರ ಆಡುತ್ತೇವೆ, ಇಲ್ಲಿ ಗಡಿಯಾರ ನಿಲ್ಲುವುದಿಲ್ಲ. ಕೋಟೆಬಾಗಿಲು ಬೈಯುತ್ತಿರುವ ಬಿಲ್ಡ್ ಆರ್ಡರ್ ಹುಟ್ಟಿದ್ದು ಆ ಗಡಿಯಾರದಿಂದ.

ಗೋಡೆ_ಮೊದಲು
ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು, ಆದರೆ ಓದಲು ಚೆನ್ನಾಗಿದೆ. ಮುಂದುವರಿಸಿ.

ಹೊಸಚಿಗುರು
ನಾನು ಹೊಸಬಳು. ಇದೆಲ್ಲ ಓದಿ ಗಾಬರಿಯಾಯಿತು. ಕಂಪ್ಯೂಟರ್ ಎದುರು ಗೆಲ್ಲುತ್ತೇನೆ, ಆನ್‌ಲೈನಲ್ಲಿ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಯಾವ ಬಿಲ್ಡ್ ಆರ್ಡರ್ ಮೊದಲು ಕಲಿಯಲಿ?

ಸ್ಕೌಟ್_ರಶ್
ಸ್ಕೌಟ್ಸ್. 21 ಜನಸಂಖ್ಯೆಗೆ ಫ್ಯೂಡಲ್ ಕ್ಲಿಕ್ ಮಾಡಿ.

ನೆರಳುಬಾಣ
ಆರ್ಚರ್ಸ್ ಕಲಿಯಿರಿ. ಸ್ಕೌಟ್‌ಗೆ 80 ಆಹಾರ ಬೇಕು, ಹೊಲ ಹಾಕುವುದನ್ನು ಎಣಿಸಿ ಮಾಡದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಮರದ_ಕ್ಯಾಂಪು
ಎರಡೂ ಬೇಡ. ಮೊದಲು ಒಂದೇ ಅಭ್ಯಾಸ: ಟಿಸಿ ಖಾಲಿ ಇರಬಾರದು. ಏನೇ ಮಾಡುತ್ತಿರಿ, ಮಧ್ಯೆ ಮಧ್ಯೆ H ಕೀಲಿ ಒತ್ತಿ ಟಿಸಿ ನೋಡಿ. ಸಾಲಿನಲ್ಲಿ ವಿಲೇಜರ್ ಇದ್ದಾರಾ? ಮನೆಗಳಲ್ಲಿ ಜಾಗ ಇದೆಯಾ? ಇಷ್ಟೇ.

ಯಾಕೆ ಅಂತ ಹೇಳುತ್ತೇನೆ. 21ಕ್ಕೆ ಫ್ಯೂಡಲ್ ಅಂದರೆ ಒಬ್ಬ ಸ್ಕೌಟ್, 20 ವಿಲೇಜರ್. ಮೂವರು ಮೊದಲೇ ಇದ್ದಾರೆ, ಉಳಿದ 17 ಜನಕ್ಕೆ ತಲಾ 25 ಸೆಕೆಂಡ್, ಲೂಮ್‌ಗೆ ಇನ್ನೊಂದು 25. ಒಟ್ಟು ಏಳೂವರೆ ನಿಮಿಷ. ಆಮೇಲೆ ಫ್ಯೂಡಲ್‌ಗೆ ಏರಲು 130 ಸೆಕೆಂಡ್. ಹತ್ತು ನಿಮಿಷದೊಳಗೆ ಮುಟ್ಟಬೇಕು. ಹನ್ನೆರಡಕ್ಕೆ ಮುಟ್ಟುತ್ತಿದ್ದೀರಿ ಅಂದರೆ ನಿಮ್ಮ ಟಿಸಿ ಎಲ್ಲೋ ಎರಡು ನಿಮಿಷಕ್ಕೂ ಜಾಸ್ತಿ ಸುಮ್ನೆ ಕೂತಿದೆ. ಯಾವ ಬಿಲ್ಡ್ ಆರ್ಡರೂ ಅದನ್ನು ಸರಿ ಮಾಡುವುದಿಲ್ಲ. ರಿಪ್ಲೇ ಹಾಕಿ ಟಿಸಿಯನ್ನು ಮಾತ್ರ ನೋಡುತ್ತಾ ಕೂರಿ, ಎಲ್ಲಿ ನಿಂತಿತು ಅಂತ ಗೊತ್ತಾಗುತ್ತದೆ.

ಹೊಸಚಿಗುರು
ಇದು ನನ್ನಿಂದ ಆಗುತ್ತದೆ ಅನಿಸುತ್ತದೆ. ಇವತ್ತೇ ರಿಪ್ಲೇ ನೋಡುತ್ತೇನೆ. ಇನ್ನೊಂದು, 200 ಜನಸಂಖ್ಯೆಯಲ್ಲಿ ವಿಲೇಜರ್ ಎಷ್ಟಿರಬೇಕು?

ಕುದುರೆಲಾಯ
ಒಬ್ಬರ ಎದುರು ಒಬ್ಬರ ಮ್ಯಾಚಿನಲ್ಲಿ 110ರಿಂದ 120.

ಗೋಡೆ_ಮೊದಲು
ನಾನು 100ಕ್ಕೆ ನಿಲ್ಲಿಸುತ್ತೇನೆ. ಸೈನ್ಯಕ್ಕೆ ಜಾಗ ಬೇಕಲ್ಲ.

ಕುದುರೆಲಾಯ
ಸೈನ್ಯ ಸಾಯುತ್ತದೆ. ಸತ್ತ ಮೇಲೆ ಮತ್ತೆ ತುಂಬಿಸುವ ವೇಗ ಮುಖ್ಯ. 80 ಜನರ ಸೈನ್ಯ ಸತ್ತು ಎರಡು ನಿಮಿಷಕ್ಕೆ ಮತ್ತೆ ನಿಲ್ಲಿಸುವವನು, 100 ಜನರ ಸೈನ್ಯ ಸತ್ತು ಕೈಕಟ್ಟಿ ಕೂರುವವನನ್ನು ಗೆಲ್ಲುತ್ತಾನೆ. ಅದೂ ಚಿನ್ನ ಮುಗಿದ ಮೇಲೆ ನೋಡಿ. ಮ್ಯಾಪಿನ ಚಿನ್ನ ಖಾಲಿಯಾದರೆ ಉಳಿಯುವುದು ಈಟಿ, ಸ್ಕರ್ಮಿಷರ್ (ಭರ್ಜಿ ಎಸೆಯುವವರು), ಹಗುರ ಕುದುರೆ. ಮೂರಕ್ಕೂ ಆಹಾರ ಮತ್ತು ಮರ ಸಾಕು. ಆಗ ಯಾರ ಹತ್ತಿರ ಹೊಲ ಜಾಸ್ತಿ ಇದೆಯೋ ಅವರದೇ ಆಟ.

ಬೆಟ್ಟದಹೂ
ಚಿನ್ನಕ್ಕೆ ರೆಲಿಕ್ (ಮ್ಯಾಪಿನಲ್ಲಿ ಸಿಗುವ ಪವಿತ್ರ ವಸ್ತು) ಮರೆಯಬೇಡಿ. ಒಂದು ರೆಲಿಕ್ ನಿಮಿಷಕ್ಕೆ 30 ಚಿನ್ನ ಕೊಡುತ್ತದೆ, ಮುಗಿಯುವುದೇ ಇಲ್ಲ. ಕ್ಯಾಸಲ್ ಏಜಿಗೆ ಹೋದ ಕೂಡಲೇ ಅದನ್ನು ತರಲು ಒಂದು ಮಾಂಕ್ (ಸನ್ಯಾಸಿ) ಕಳಿಸಿ. 100 ಚಿನ್ನದ ಮಾಂಕ್, ಮೂರು ರೆಲಿಕ್ ತಂದರೆ ಒಂದೆರಡು ನಿಮಿಷದಲ್ಲಿ ಖರ್ಚು ವಾಪಸ್.

ಎಳೆಹುಲ್ಲು
ಮಾಂಕ್ ಎದುರಾಳಿಯ ಜನರನ್ನು ಕನ್ವರ್ಟ್ ಮಾಡಿ ನಮ್ಮ ಕಡೆ ಸೆಳೆಯುವಾಗ ಮನೆಯಲ್ಲಿ ಎಲ್ಲರೂ "ವೊಲೊಲೋ" ಅನ್ನುತ್ತೇವೆ. ಆ ಸದ್ದು ಮೊದಲ ಆಟದ ಪ್ರೀಸ್ಟ್‌ದು ಅಂತ ಈಚೆಗೆ ಗೊತ್ತಾಯಿತು!

ಕೋಟೆಬಾಗಿಲು
ಎಲ್ಲವನ್ನೂ ಓದಿದೆ. ಈಗ ನನ್ನ ದೂರು ಎಲ್ಲಿದೆ ಅಂತ ಸರಿಯಾಗಿ ಹೇಳಬಲ್ಲೆ.

ಮರದ_ಕ್ಯಾಂಪು ಅವರು ಹೊಸಚಿಗುರು ಅವರಿಗೆ ಕೊಟ್ಟ ಉತ್ತರ ನೋಡಿ. ಅದರಲ್ಲಿ ಕಾರಣ ಇತ್ತು. ಬೇರೆ ಇಬ್ಬರು "21ಕ್ಕೆ ಕ್ಲಿಕ್ ಮಾಡಿ", "ಆರ್ಚರ್ಸ್ ಕಲಿಯಿರಿ" ಅಂದರು. ನಮ್ಮ ಗುಂಪಿನಲ್ಲಿ ನೂರಕ್ಕೆ ತೊಂಬತ್ತು ಉತ್ತರ ಎರಡನೇ ಥರದವು. ಸೆಕೆಂಡಿಗೆ 2 ಆಹಾರ ಅನ್ನುವುದು ಗೊತ್ತಿದ್ದವರು ಕುರಿ ಸಿಗದಿದ್ದಾಗ ತಾವೇ ದಾರಿ ಹುಡುಕುತ್ತಾರೆ. "6 ಕುರಿಗೆ" ಅಂತ ಮಾತ್ರ ಗೊತ್ತಿದ್ದವರು ಎರಡು ಕುರಿ ಕಳೆದುಹೋದರೆ ಅಲ್ಲೇ ಕೈಚೆಲ್ಲುತ್ತಾರೆ. ನನಗೆ ಬೇಸರ ಇರುವುದು ಅಲ್ಲಿ.

ನೆರಳುಬಾಣ
ಇದನ್ನು ಒಪ್ಪುತ್ತೇನೆ. ಆದರೆ ಆಟದ ಹೊಸ ಆವೃತ್ತಿ ಡೆಫಿನಿಟಿವ್ ಎಡಿಷನ್‌ನಲ್ಲಿ ಆರ್ಟ್ ಆಫ್ ವಾರ್ ಅಂತ ಪಾಠಗಳಿವೆಯಲ್ಲ? ಶುರುವಿನ ಆರ್ಥಿಕತೆ, ಬೂಮ್ (ಆರ್ಥಿಕತೆ ಬೇಗ ಹಿಗ್ಗಿಸುವುದು), ಫಾಸ್ಟ್ ಕ್ಯಾಸಲ್ (ಬೇಗ ಕ್ಯಾಸಲ್ ಏಜ್ ಮುಟ್ಟುವುದು) ಎಲ್ಲ ಹೇಳಿಕೊಡುತ್ತದೆ. ಪದಕವೂ ಸಿಗುತ್ತದೆ.

ಕೋಟೆಬಾಗಿಲು
ಪದಕ ಸಿಗುವುದು ಸಮಯಕ್ಕೆ. ಬೇಗ ಮುಗಿಸಿದರೆ ಚಿನ್ನ, ತಡವಾದರೆ ಕಂಚು. ಎಲ್ಲಿ ಯಾಕೆ ತಡವಾಯಿತು ಅಂತ ಅದು ಬಿಡಿಸಿ ಹೇಳುವುದಿಲ್ಲ.

ಒಂಟಿಸಲಗ
ಬಾಯಿಪಾಠ ಬೇಡ ಅನ್ನುವವರಿಗೆ ಎಂಪೈರ್ ವಾರ್ಸ್ ಮೋಡ್ ಇದೆ. ನೇರ ಫ್ಯೂಡಲ್ ಏಜಿನಲ್ಲಿ ಶುರು. ಊರು, ಮರದ ಕ್ಯಾಂಪ್, ಹೊಲ, ವಿಲೇಜರ್ ಎಲ್ಲ ಸಿದ್ಧ. ಮೊದಲ ನಿಮಿಷದಿಂದಲೇ ಯುದ್ಧ.

ಗೋಡೆ_ಮೊದಲು
ಅಯ್ಯೋ, ಅದು ನನಗೆ ಆಗುವುದಿಲ್ಲ. ಊರು ಹುಟ್ಟುವುದನ್ನು ನೋಡುವುದೇ ನನಗೆ ಖುಷಿ.

ಕೋಟೆಬಾಗಿಲು
ನನಗೂ ಅಷ್ಟೇ. ಡಾರ್ಕ್ ಏಜ್ ತೆಗೆದುಹಾಕಿ ಅಂತ ನಾನು ಕೇಳುತ್ತಿಲ್ಲ. ಅದರಲ್ಲಿ ಯೋಚಿಸಲು ಜಾಗ ಕೇಳುತ್ತಿದ್ದೇನೆ.

ಕುದುರೆಲಾಯ
ಹಾಗಾದರೆ ನಿಮಗೆ ಬೇಕಾಗಿರುವುದು ನೊಮ್ಯಾಡ್ ಮ್ಯಾಪ್. ಟಿಸಿ ಇಲ್ಲ, ಸ್ಕೌಟ್ ಇಲ್ಲ. ಮೂವರು ವಿಲೇಜರ್ ಮ್ಯಾಪಿನ ಮೂರು ಕಡೆ ಚೆದುರಿರುತ್ತಾರೆ. ಟಿಸಿ ಎಲ್ಲಿ ಕಟ್ಟಬೇಕು ಅನ್ನುವುದೇ ಮೊದಲ ಪ್ರಶ್ನೆ. ಚಿನ್ನದ ಹತ್ತಿರವಾ, ಸಮುದ್ರದ ಹತ್ತಿರವಾ, ಅಥವಾ ಎಲ್ಲಿದ್ದೀರೋ ಅಲ್ಲೇ ಕಟ್ಟಿ ಸಮಯ ಉಳಿಸುವುದಾ? ಪಕ್ಕದಲ್ಲೇ ಎದುರಾಳಿಯೂ ಅಡಿಪಾಯ ಹಾಕುತ್ತಿರಬಹುದು. ನೀವು ಮೊದಲು ಮುಗಿಸಿದರೆ ವಿಲೇಜರ್ ಒಳಗೆ ಸೇರಿಸಿದ ಕೂಡಲೇ ನಿಮ್ಮ ಟಿಸಿ ಬಾಣ ಬಿಟ್ಟು ಅವನನ್ನು ಓಡಿಸುತ್ತದೆ.

ಸ್ಕೌಟ್_ರಶ್
ನೊಮ್ಯಾಡ್‌ಗೂ ಬಾಯಿಪಾಠ ಇದೆ. ಬೇಗ ಡಾಕ್ ಹಾಕು, ಮೀನು ಹಿಡಿ.

ಕುದುರೆಲಾಯ
ದಡ ಹತ್ತಿರ ಸಿಕ್ಕರೆ ಹೌದು. ಮೂವರೂ ಒಳನಾಡಿನಲ್ಲಿ ಬಿದ್ದರೆ ಆ ಪಾಠ ಏನಕ್ಕೂ ಬರುವುದಿಲ್ಲ. ಅಲ್ಲಿ ಸೆಕೆಂಡಿಗೆ 2 ಆಹಾರ ಎಲ್ಲಿಂದ ತರುತ್ತೀರಿ ಅನ್ನುವುದು ಪ್ರತಿ ಸಲವೂ ಹೊಸ ಲೆಕ್ಕ.

ಹಳೆಪುಟ
ಇದಕ್ಕೆ ರ್ಯಾಂಡಮ್ ನಾಗರಿಕತೆ ಸೇರಿಸಿ. ಮಂಗೋಲರು ಬಂದರೆ ಜಿಂಕೆ ಹುಡುಕಬೇಕು, ಹೂಣರು ಬಂದರೆ ಮನೆ ಚಿಂತೆ ಇಲ್ಲ, ದ್ರಾವಿಡರು ಬಂದರೆ ಕಡಲು. ಇತಿಹಾಸ ಮೊದಲ ನಿಮಿಷಕ್ಕೇ ಬಂದು ಕೂರುತ್ತದೆ.

ಕೋಟೆಬಾಗಿಲು
ಇದು ಹಿಡಿಸಿತು. ಯಾರು ಬರುತ್ತೀರಿ? ಈಗಲೇ ಆಡೋಣ.

ಮರದ_ಕ್ಯಾಂಪು
ನಾನು ಇದ್ದೇನೆ. ಹೊಸಚಿಗುರು ಅವರೇ, ನೀವೂ ಬನ್ನಿ. ನನ್ನ ತಂಡದಲ್ಲಿ ಇರಿ, ಟಿಸಿ ನಿಂತಾಗ ನೆನಪಿಸುತ್ತೇನೆ.

ಹೊಸಚಿಗುರು
ಬರುತ್ತೇನೆ. ಗೋಡೆ ಹಾಕಬಹುದಾ?

ಗೋಡೆ_ಮೊದಲು
ಖಂಡಿತ ಹಾಕಿ. ನಾನೂ ಬರುತ್ತಿದ್ದೇನೆ, ನಿಮ್ಮ ಎಡಗಡೆ ನಾನು ನೋಡಿಕೊಳ್ಳುತ್ತೇನೆ.

ಸ್ಕೌಟ್_ರಶ್
ಹಾಗಾದರೆ ನಾನು ಎದುರು ತಂಡ. ಗೋಡೆ ಮುಗಿಯುವ ಮೊದಲೇ ಬಂದಿರುತ್ತೇನೆ.

ಕೋಟೆಬಾಗಿಲು
ಲಾಬಿ ಹಾಕಿದ್ದೇನೆ. ನೊಮ್ಯಾಡ್, ರ್ಯಾಂಡಮ್ ನಾಗರಿಕತೆ, 200 ಜನಸಂಖ್ಯೆ, ಮೂವರ ಎದುರು ಮೂವರು. ಸ್ಕೌಟ್_ರಶ್ ಕಡೆ ಇನ್ನೊಬ್ಬರು ಬೇಕು, ನಾನು ಅವರ ಜೊತೆ.

ಹಳೆಪುಟ
ಆ ಜಾಗ ನನಗೆ. ಎರಡು ನಿಮಿಷ ಕೊಡಿ, ಆಟ ಅಪ್‌ಡೇಟ್ ಆಗುತ್ತಿದೆ.